ಎರಡು ಟ್ಯಾಂಕಿನ ಟ್ರ್ಯಾಕ್ಟರು, ನಮ್ಮ ರವಿವಾರಗಳು

ರವಿವಾರ ಬೆಳಿಗ್ಗೆ ಎದುರು ಮನೆಯ ಪರದೆಗಳು ಇನ್ನೂ ಮುಚ್ಚಿರುವಾಗಲೇ ನಾನು ಬುತ್ತಿ ಕಟ್ಟಿ ಮುಗಿಸಿರುತ್ತೇನೆ. ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು. ನಮ್ಮವರು ಕಾರಿನ ಡಿಕ್ಕಿಯಲ್ಲಿ ಎರಡು ಕ್ಯಾನು ಇಡುತ್ತಾರೆ. ದೊಡ್ಡದರಲ್ಲಿ ಸೀಮೆಎಣ್ಣೆ, ನಮ್ಮ ಕಡೆಯ ಮಾತಿನಲ್ಲಿ ಚಿಮಣಿ ಎಣ್ಣೆ; ಸಣ್ಣದರಲ್ಲಿ ಪೆಟ್ರೋಲು. ಎರಡಕ್ಕೂ ಹಳೆಯ ಚಾದರ ಸುತ್ತಿದರೂ ಖಾನಾಪುರ ಬರುವಷ್ಟರಲ್ಲಿ ಮೊಸರಿಗೆ ಕೂಡ ಸೀಮೆಎಣ್ಣೆಯ ವಾಸನೆ ಹತ್ತಿದಂತೆ ಅನಿಸುತ್ತದೆ. ಮುಂದಿನ ಸೀಟಿನಲ್ಲಿ ಕೂತ ಅತ್ತೆಗೆ ಮಾತ್ರ ಅದು ವಾಸನೆಯೇ ಅಲ್ಲ. ಕಿಟಕಿ ಇಳಿಸಿದರೆ, "ಗಾಳಿ ಬಡಿತೈತಿ, ಏರಸು" ಅನ್ನುತ್ತಾರೆ.

ಒಮ್ಮೆ ನಾನು ಕ್ಯಾನುಗಳಿಗೆ ಚೀಟಿ ಅಂಟಿಸಿದ್ದೆ. ನನ್ನ ತವರಾದ ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರುಗಳು ಕೈಹಿಡಿದು ತಿದ್ದಿಸಿದ ಸುಂದರ ಇಂಗ್ಲಿಷ್ ಕೂಡುಬರಹದಲ್ಲಿ ಒಂದರ ಮೇಲೆ ಕೆರೋಸಿನ್, ಇನ್ನೊಂದರ ಮೇಲೆ ಪೆಟ್ರೋಲ್ ಎಂದು ಬರೆದಿದ್ದೆ. ಅತ್ತೆಗೆ ಅದನ್ನು ಓದಲು ಬರುತ್ತಿರಲಿಲ್ಲ. ಮುಂದಿನ ವಾರ ನೋಡಿದರೆ ಪೆಟ್ರೋಲ್ ಕ್ಯಾನಿನ ಕುತ್ತಿಗೆಗೆ ಕೆಂಪು ಸೀರೆಯ ಅಂಚಿನ ತುಂಡೊಂದನ್ನು ಬಿಗಿದಿದ್ದರು. ನನ್ನ ಚೀಟಿಗಳು ಎಣ್ಣೆ ತಾಗಿ ಕರಗಿಹೋದವು. ಆ ಅಂಚು ಇನ್ನೂ ಇದೆ.

ಪಾರಿಶ್ವಾಡದಲ್ಲಿ ನಮ್ಮ ಹೊಲವಿದೆ. ಬಹುಪಾಲು ಹೊಲವನ್ನು ಊರಿನ ಒಬ್ಬರು ಪಾಲಿಗೆ ಮಾಡುತ್ತಾರೆ. ಅವರದೇ ಡೀಸೆಲ್ ಟ್ರ್ಯಾಕ್ಟರ್ ಇದೆ, ಕೆಲಸ ಅದರಲ್ಲೇ ನಡೆಯುತ್ತದೆ. ಬಾವಿಯ ಬಾಜುವಿನ ಸಣ್ಣ ಪಟ್ಟಿಯೊಂದನ್ನು ಮಾತ್ರ ನಾವೇ ಇಟ್ಟುಕೊಂಡಿದ್ದೇವೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಾವನವರು ತರುಣರಾಗಿದ್ದಾಗ ಯಾರಿಂದಲೋ ಕೊಂಡ ಹಳೆಯ ಟ್ರ್ಯಾಕ್ಟರ್ ನಿಂತಿದೆ. ಅದರ ಬಣ್ಣ ಯಾವುದಿತ್ತೆಂದು ಈಗ ಹೇಳುವುದು ಕಷ್ಟ. ಬಾನೆಟ್ಟಿನ ಮಡಿಕೆಗಳಲ್ಲಿ ಒಂದಿಷ್ಟು ಬೂದು ಉಳಿದಿದೆ. ಮಾವನವರು ಹೋಗಿ ಬಹಳ ವರ್ಷಗಳಾದವು. ಅದನ್ನು ಮಾರಲು ನಮ್ಮವರಿಗೆ ಮನಸ್ಸಿಲ್ಲ. ಸುಮ್ಮನೆ ನಿಲ್ಲಿಸಿದರೆ ಇಂಜಿನ್ ಹಿಡಿದುಕೊಳ್ಳುತ್ತದೆ ಎಂದು ರವಿವಾರಕ್ಕೊಮ್ಮೆ ಹೋಗಿ ಚಾಲೂ ಮಾಡಿ, ಪಟ್ಟಿಯಲ್ಲಿ ಕುಂಟೆ ಎಳೆಸಿಯೋ, ಟ್ರಾಲಿಯಲ್ಲಿ ಗೊಬ್ಬರ ಹೊರಿಸಿಯೋ ಬರುತ್ತೇವೆ.

ಈ ಟ್ರ್ಯಾಕ್ಟರಿಗೆ ಎರಡು ಟ್ಯಾಂಕು. ದೊಡ್ಡದು ಸೀಮೆಎಣ್ಣೆಗೆ, ಅದರ ಮಗ್ಗುಲಲ್ಲಿ ತಂಬಿಗೆಯಷ್ಟೇ ಇರುವ ಸಣ್ಣದು ಪೆಟ್ರೋಲಿಗೆ. ಆ ಕಾಲದಲ್ಲಿ ಪೆಟ್ರೋಲು ತುಟ್ಟಿ, ಸೀಮೆಎಣ್ಣೆ ಸೋವಿ. ಅದಕ್ಕೆಂದೇ ಮಾಡಿದ ಗಾಡಿ. ಆದರೆ ತಣ್ಣಗಿರುವ ಇಂಜಿನ್ನಿಗೆ ಸೀಮೆಎಣ್ಣೆ ಹತ್ತುವುದಿಲ್ಲ. ಮೊದಲು ಪೆಟ್ರೋಲಿನ ಮೇಲೆ ಶುರು ಮಾಡಿ, ಇಂಜಿನ್ನಿನ ಬಾಜುವಿನ ದಪ್ಪ ಕಬ್ಬಿಣದ ಕೊಳವೆ ಚೆನ್ನಾಗಿ ಕಾಯುವವರೆಗೆ ಕಾಯಬೇಕು. ಆ ಕಾವಿಗೆ ಸೀಮೆಎಣ್ಣೆ ಆವಿಯಾಗುತ್ತದೆ. ಆಗ ಹಿತ್ತಾಳೆಯ ಪುಟ್ಟ ತಿರುಗಣಿಯನ್ನು ತಿರುಗಿಸಿ ಪೆಟ್ರೋಲು ಮುಚ್ಚಿ ಸೀಮೆಎಣ್ಣೆ ಬಿಡಬೇಕು. ಆ ತಿರುಗಣಿಗೆ ಮಿಸ್ತ್ರಿಗಳು ಕಾಕ್ ಅನ್ನುತ್ತಾರೆ. ಕೆಲಸ ಮುಗಿಯುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಓಡಿಸಿಯೇ ನಿಲ್ಲಿಸಬೇಕು. ಇಲ್ಲದಿದ್ದರೆ ಕೊಳವೆಗಳ ಒಳಗೆ ಸೀಮೆಎಣ್ಣೆ ಉಳಿದು, ಮುಂದಿನ ಸಲ ಎಷ್ಟು ಹ್ಯಾಂಡಲ್ ಹೊಡೆದರೂ ಗಾಡಿ ಏಳುವುದಿಲ್ಲ.

ಕಾಕ್ ತಿರುಗಿಸುವುದು ಅತ್ತೆಯ ಕೆಲಸ. ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ ಅದು ಅವರ ಪಾಲಿಗೆ ಬಂದಿತಂತೆ. ಮಾವ ಸೀಟಿನ ಮೇಲೆ ಕೂತು ಗಾಡಿಯನ್ನು ಹದದಲ್ಲಿ ಹಿಡಿಯಬೇಕು. ಕೊಳವೆ ಕಾದದ್ದನ್ನು ಕೆಳಗೆ ನಿಂತು ನೋಡಲು ಇನ್ನೊಬ್ಬರು ಬೇಕು. ಅತ್ತೆ ತಂಬಿಗೆಯಲ್ಲಿ ನೀರು ಹಿಡಿದು ನಿಲ್ಲುತ್ತಿದ್ದರು. ಬೆರಳು ಅದ್ದಿ ಕೊಳವೆಯ ಮೇಲೆ ಸಿಡಿಸುವರು. ರೊಟ್ಟಿಯ ಹಂಚು ಕಾದಿದೆಯೇ ಎಂದು ನೋಡುವ ರೀತಿಯೇ. ಮಾವನವರು ಕೈ ಎತ್ತಿದಾಗ ತಿರುಗಿಸುವರು. ಈಗ ಸೀಟಿನ ಮೇಲೆ ಮಗ ಕೂರುತ್ತಾರೆ. ಕೆಳಗೆ ಅದೇ ಅತ್ತೆ, ಅದೇ ತಂಬಿಗೆ.

ಅತ್ತೆ ಈಗ ನಮ್ಮೊಂದಿಗೆ ಬೆಳಗಾವಿಯ ಸದಾಶಿವನಗರದಲ್ಲೇ ಇರುತ್ತಾರೆ. ವಾರದ ದಿನಗಳನ್ನು ಅವರು ಹೇಗೋ ಕಳೆಯುತ್ತಾರೆ. ಬಾಲ್ಕನಿಯಲ್ಲಿ ಕೂತು ಓಣಿಯಲ್ಲಿ ಹೋಗುವವರನ್ನು ನೋಡುತ್ತಾರೆ. ಟಿವಿ ಹಚ್ಚಿದರೆ ಅದರಲ್ಲಿನ ಹೆಂಗಸರ ಸೀರೆಯ ಬಗ್ಗೆ ಒಂದು ಮಾತಾಡಿ ತೂಕಡಿಸುತ್ತಾರೆ. ಹೊತ್ತು ಮುಳುಗುವ ಮೊದಲು ಊಟ, ಆಮೇಲೆ ಜಪ, ಆಮೇಲೆ ನಿದ್ದೆ. ಗುರುವಾರದ ಹೊತ್ತಿಗೆ ಮೈಯಲ್ಲಿ ಸ್ವಲ್ಪ ಚುರುಕು ಬರುತ್ತದೆ. ಒರೆಸಲು ಹಳೆಯ ಸೀರೆ ಹರಿದು ಮಡಚಿಡುತ್ತಾರೆ, ಹುಣಸೆಹಣ್ಣು ಹಚ್ಚಿ ತಂಬಿಗೆ ತಿಕ್ಕುತ್ತಾರೆ. ಶನಿವಾರ ನಾಲ್ಕಾರು ಬಾರಿ, "ನಾಳಿಗೆ ರವಿವಾರ ಹೌದಲ್ಲ?" ಎಂದು ಕೇಳುತ್ತಾರೆ.

ನನಗೆ ಮಾತ್ರ ಶನಿವಾರದಿಂದಲೇ ಸೊಂಟ ನೋಯಲು ಶುರುವಾಗುತ್ತದೆ. ಹೊಲದಿಂದ ಬಂದ ಬಟ್ಟೆಗಳನ್ನು ಬೇರೆ ಬಕೀಟಿನಲ್ಲಿ ನೆನೆಸಬೇಕು, ಎರಡು ಸಲ ಒಗೆಯಬೇಕು. ಆದರೂ ಇಸ್ತ್ರಿ ಮಾಡುವಾಗ ಬಿಸಿಗೆ ವಾಸನೆ ಎದ್ದು ಮುಖಕ್ಕೆ ಬಡಿಯುತ್ತದೆ. ಉದ್ಯಮಬಾಗದ ಕಾರ್ಖಾನೆಯ ಕೆಲಸದಿಂದ ಬರುವ ನಮ್ಮವರ ಶರ್ಟಿನಲ್ಲಿ ಇಡೀ ವಾರ ಕಬ್ಬಿಣದ ಪುಡಿ, ರವಿವಾರ ಸೀಮೆಎಣ್ಣೆ. ನನ್ನ ಶಾಲೆಯ ಗೆಳತಿಯರು ರವಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. "ನೀ ಏನ ಬರತಿ ಬಿಡು, ನಿನಗ ಟ್ರ್ಯಾಕ್ಟರ್ ಐತಿ" ಎಂದು ನಗುತ್ತಾರೆ. ನಾನೂ ನಗುತ್ತೇನೆ. ಬಹಳ ದಿನಗಳಿಂದ ಆ ನಗುವಿನಲ್ಲಿ ದಣಿವೇ ಹೆಚ್ಚು.

ಅದರ ಮೇಲೆ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದೆ. ರೇಶನ್ ಅಂಗಡಿಯಲ್ಲಿ ಅದು ಕೊಡುವುದು ನಿಂತು ಎಷ್ಟೋ ಕಾಲವಾಯಿತು. ನಮ್ಮವರು ಯಂತ್ರದ ಭಾಗ ತೊಳೆಯಲು ಮಾರುವವರ ಹತ್ತಿರ ಹೇಳಿಟ್ಟು ತರುತ್ತಾರೆ. ಒಮ್ಮೊಮ್ಮೆ ಅದಕ್ಕಾಗಿ ಊರು ಸುತ್ತುತ್ತಾರೆ. ಪೆಟ್ರೋಲು ಮೂಲೆಮೂಲೆಯಲ್ಲಿ ಸಿಗುವಾಗ ಸೀಮೆಎಣ್ಣೆ ಹುಡುಕಿಕೊಂಡು ಅಲೆಯುವ ಮನೆ ಇಡೀ ಬೆಳಗಾವಿಯಲ್ಲಿ ನಮ್ಮದೊಂದೇ ಇರಬೇಕು.

ಈ ಮಳೆಗಾಲ ಮುಗಿದ ಮೇಲಿನ ಒಂದು ರವಿವಾರ ಅತ್ತೆಗೆ ಮೊಣಕಾಲು ಹಿಡಿದಿತ್ತು. ಶೆಡ್ಡಿನ ಕಲ್ಲಿನ ಮೇಲೆ ಕೂತು, "ಇವತ್ತ ನನ್ನ ಕಾಲು ಒಲ್ಲೆ ಅನ್ನಾಕತ್ತಾವ. ತಂಬಗಿ ನೀ ಹಿಡಿ" ಅಂದರು. ನಾನು ಹಿಡಿದೆ. ನಮ್ಮವರು ಹ್ಯಾಂಡಲ್ ಹೊಡೆದು, ಪೆಟ್ರೋಲಿನ ಮೇಲೆ ಇಂಜಿನ್ ಎಬ್ಬಿಸಿ ಸೀಟು ಹತ್ತಿದರು. ನಾನು ಸ್ವಲ್ಪ ಹೊತ್ತು ಬಿಟ್ಟು ನೀರು ಸಿಡಿಸಿದೆ. ಚುಂಯ್ ಎಂದಿತು, ಆರಿತು. ಕಾದಿದೆ ಎಂದುಕೊಂಡು ಕಾಕ್ ತಿರುಗಿಸಿಬಿಟ್ಟೆ.

ಗಾಡಿ ಕೆಮ್ಮಿತು. ಆಮೇಲೆ ಮುದುಕರು ಗಂಟಲು ಸರಿಮಾಡಿಕೊಳ್ಳುವಂತೆ ಸದ್ದು ಮಾಡಿ, ಶೆಡ್ಡಿನ ತುಂಬ ಬಿಳಿ ಹೊಗೆ ಕಕ್ಕಿತು.

"ಯಾರು ತಿರುವಿದ್ರು?" ನಮ್ಮವರು ಮೇಲಿನಿಂದ ಕೂಗಿದರು.

"ನಿನ್ನ ಹೇಣ್ತಿ! ದ್ವಾಸಿ ಹೊಯ್ಯಾಕ ನಿಂತಾಳ!" ಎಂದು ಅತ್ತೆ ಕೆಮ್ಮುತ್ತಲೇ ನಕ್ಕರು.

"ನೀರು ಆರಿತ್ತಲ್ರಿ ಅತ್ತಿ" ಅಂದೆ.

"ಚುಂಯ್ ಅಂದು ಆರಿದ್ರ ಅದು ದ್ವಾಸಿ ಕಾವು. ರೊಟ್ಟಿ ಹಂಚಿನ ಮ್ಯಾಲ ನೀರು ಆರೂದಿಲ್ಲ, ಮುತ್ತಾಗಿ ಓಡಾಡತಾವ. ಆವಾಗ ತಿರುವಬೇಕು. ನೀವು ಕ್ಯಾಂಪಿನ ಮಂದಿ, ದ್ವಾಸಿ ತಿಂದ ಬೆಳದೀರಿ. ನಿಮಗೇನ ತಿಳೀಬೇಕು?"

"ಇಷ್ಟ ವರ್ಷ ನಿಮ್ಮ ಮನ್ಯಾಗ ರೊಟ್ಟಿ ಬಡದೀನ್ರಿ."

"ಬಡದಿ. ಹಂಚು ಕಾದೈತೋ ಇಲ್ಲೋ ನೋಡಾವ್ರು ಯಾರು? ನಾನ!"

ಮಾತು ಸುಳ್ಳಲ್ಲ. ನಾನು ಲಟ್ಟಿಸುವುದೋ ಬಡಿಯುವುದೋ ಮಾಡುತ್ತಿರುವಾಗ ಒಲೆಯ ಬಾಜು ಸ್ಟೂಲ್ ಹಾಕಿಕೊಂಡು ಕೂತು, "ಹೂಂ, ಹಾಕು" ಅನ್ನುವವರು ಅವರೇ. ಅಷ್ಟು ವರ್ಷ ಆ "ಹೂಂ" ಕೇಳಿಯೇ ರೊಟ್ಟಿ ಹಾಕಿದ್ದೇನೆ ಹೊರತು ನೀರಿನ ಮುತ್ತು ನೋಡಿ ಹಾಕಿದ್ದಿಲ್ಲ.

ಅವತ್ತು ಮತ್ತೆ ಪೆಟ್ರೋಲಿಗೆ ತಿರುಗಿಸಿ, ಕಾಯಿಸಿ, ಹೇಗೋ ಕುಂಟೆ ಹೊಡೆದಾಯಿತು. ಸಂಜೆ ಹೊರಡುವ ಮುನ್ನ ನಮ್ಮವರು ಇಂಜಿನ್ನಿನ ಆಯಿಲ್ ಕಡ್ಡಿ ಎಳೆದು ನೋಡಿದರು. ನೋಡಿ ಒರೆಸಿದರು, ಮತ್ತೆ ಹಾಕಿ ಎಳೆದರು. ನಮ್ಮವರು ಒಂದನ್ನೇ ಎರಡು ಸಲ ನೋಡಿದರೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

"ಆಯಿಲ್ ಏರೈತಿ" ಅಂದರು.

"ಏರಿದ್ರ ಛಲೋ ಅಲ್ಲೇನೋ?" ಅಂದರು ಅತ್ತೆ.

"ಅವ್ವಾ, ಹಾಲಲ್ಲ ಇದು ಉಕ್ಕಾಕ."

ಮನೆಗೆ ಬಂದ ಮೇಲೆ ಕೈ ತೊಳೆಯುತ್ತ ನನಗೆ ಬಿಡಿಸಿ ಹೇಳಿದರು. ಪೂರ್ತಿ ಸುಡದ ಸೀಮೆಎಣ್ಣೆ ಇಂಜಿನ್ನಿನ ಒಳಗೋಡೆಯ ಗುಂಟ ಇಳಿದು ಕೆಳಗಿನ ಆಯಿಲಿಗೆ ಸೇರುತ್ತಿದೆ. ಅದಕ್ಕೇ ಆಯಿಲು ಏರಿ ಕಾಣುತ್ತಿದೆ. ಏರಿದಷ್ಟೂ ತೆಳ್ಳಗಾಗುತ್ತದೆ, ತೆಳ್ಳಗಾದಷ್ಟೂ ಒಳಗಿನ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತದೆ. "ಇವತ್ತ ಒಂದಿನದ್ದಲ್ಲ, ನಿನ್ನ ದ್ವಾಸಿದ್ದೂ ಅಲ್ಲ. ಎರಡ ವರ್ಷದಿಂದ ನೋಡಾಕತ್ತೀನಿ" ಅಂದರು. ಅಷ್ಟರ ಮಟ್ಟಿಗೆ ನನಗೆ ಸಮಾಧಾನ.

ಆ ವಾರ ಹಳೆಯ ಮಿಸ್ತ್ರಿಯೊಬ್ಬರನ್ನು ಮನೆಗೆ ಕರೆಸಿದರು. ಬಿಳಿ ಗಡ್ಡದ, ಟೋಪಿ ಹಾಕಿದ, ಬಾಯಲ್ಲಿ ಸದಾ ಅಡಿಕೆ ಇಟ್ಟುಕೊಂಡ ಮನುಷ್ಯ. ಇಂಥ ಗಾಡಿಗಳನ್ನು ಬಿಚ್ಚಿ ಜೋಡಿಸುವವರು ಈಗ ಹೆಚ್ಚು ಉಳಿದಿಲ್ಲ. ಅತ್ತೆ ಒಳಗೆ ಮಲಗಿದ್ದರು. ವರಾಂಡದಲ್ಲಿ ಚಹಾ ಕುಡಿಯುತ್ತ ಮಿಸ್ತ್ರಿ ಅಂದರು, "ಭಾಭಿ, ಚಿಮಣಿ ಎಣ್ಣಿಗೆ ದುಡಿಮಿ ಬೇಕ್ರಿ. ಹಿಂದ ಈ ಗಾಡಿ ದಿನಾಪೂರ್ತಿ ನೇಗಿಲ ಎಳೀತಿತ್ತು, ಮೈ ಕಾದು ಕೆಂಡ ಆಗಿರ್ತಿತ್ತು. ಎಣ್ಣಿ ಎಲ್ಲಾ ಸುಟ್ಟ ಹೋಗ್ತಿತ್ತು. ಈಗ ನೀವು ಸಾಹೇಬ್ರ ನಾಯಿ ವಾಕಿಂಗ್ ಒಯ್ದಂಗ ಒಯ್ತೀರಿ. ಅರ್ಧಾ ಸುಡ್ತೈತಿ, ಅರ್ಧಾ ಕೆಳಗ ಇಳೀತೈತಿ."

"ಹಂಗಾರ ಪೆಟ್ರೋಲ್ ಮ್ಯಾಲ ಇಟ್ಟುಬಿಡೂಣು" ಅಂದರು ನಮ್ಮವರು. ಅವರಿಗೂ ಇದೆಲ್ಲ ಮೊದಲೇ ಗೊತ್ತಿತ್ತು. ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು, ಅಷ್ಟೇ.

"ಖರೇ ಮಾತು. ವಾರಕ್ಕೊಮ್ಮೆ ಓಡಸಾಕ ಪೆಟ್ರೋಲು ಎಷ್ಟ ಮಹಾ ಬೇಕು? ಕಾಕ್ ತಗದು ಬಂದ್ ಮಾಡಿ ಕೊಡ್ತೀನಿ. ಎಬ್ಬಿಸಿದ್ರ ಎದ್ದಿತು, ನಿಲ್ಲಿಸಿದ್ರ ನಿಂತಿತು. ಒಬ್ಬರ ಹೋಗಿ ಬಂದ್ರ ಸಾಕು."

ಒಬ್ಬರೇ. ಆ ಮಾತು ಕಿವಿಗೆ ಬಿದ್ದಾಗ ನನಗೆ ಆದದ್ದು ಬರೀ ಸಂತೋಷ. ನಮ್ಮವರು ಬೆಳಿಗ್ಗೆ ಒಬ್ಬರೇ ಹೋಗಿ ಮಧ್ಯಾಹ್ನಕ್ಕೆ ಬರುತ್ತಾರೆ. ಬುತ್ತಿ ಇಲ್ಲ. ಬೇರೆ ಬಕೀಟು ಇಲ್ಲ. ಬಿಸಿಲು ಮುಂದಿನ ಕೋಣೆಗೆ ಬರುವವರೆಗೆ ಹಾಸಿಗೆಯಲ್ಲಿ ಬಿದ್ದಿರಬಹುದು. ಗೆಳತಿಯರ ಮನೆಗೆ ಹೋಗಬಹುದು. ಚಹಾದ ಕಪ್ಪು ಎತ್ತುವಾಗ ನಾನು ಮನಸ್ಸಿನಲ್ಲೇ ಯಾವ ಸೀರೆ ಉಡುವುದೆಂದು ಕೂಡ ಯೋಚಿಸಿದ್ದೆ.

ಮಿಸ್ತ್ರಿ ಹೋದ ಮೇಲೆ ನಮ್ಮವರು ದನಿ ತಗ್ಗಿಸಿದರು. "ಅವ್ವಗ ನೀನ ಹೇಳು."

"ಯಾಕ್ರಿ, ನಿಮ್ಮ ಬಾಯಿಗೇನಾಗೇತಿ?"

"ನೀ ಹೇಳಿದ್ರ ಸಮಾಧಾನದಿಂದ ಕೇಳತಾಳ."

"ಸಮಾಧಾನದಿಂದ ಬೈತಾರ ಅನ್ರಿ."

ಹೇಳಬೇಕೆಂದು ಹೋದೆ. ಮಧ್ಯಾಹ್ನ ಅತ್ತೆಯ ತಲೆಗೆ ಎಣ್ಣೆ ಹಚ್ಚುವಾಗ, "ಅತ್ತಿ, ಟ್ರ್ಯಾಕ್ಟರ್ ವಿಷಯ..." ಎಂದು ಶುರು ಮಾಡಿದೆ. ಅವರು ಕಣ್ಣು ಮುಚ್ಚಿಕೊಂಡೇ, "ಹೌದು, ನಾನೂ ಅದನ್ನ ವಿಚಾರ ಮಾಡಾಕತ್ತೇನಿ. ಈ ರವಿವಾರ ಕಲ್ಲಿನ ಮ್ಯಾಲ ಕುಂದರೂದು ಬ್ಯಾಡ, ಕಾರಿನ್ಯಾಗ ಸ್ಟೂಲ್ ಹಾಕ್ಕೊಂಡ ಹೋಗೂಣು. ಕುಂತ ತಿರುವತೇನಿ" ಅಂದರು. ಇನ್ನೊಂದು ದಿನ ಅವರೆಕಾಳು ಸುಲಿಯುವಾಗ ಮತ್ತೆ ಬಾಯಿ ತೆರೆದೆ. ಆಗ ಅವರು, "ನಿನಗೂ ಕಲಿಸತೇನಿ. ಹೆದರಬ್ಯಾಡ. ನನಗೂ ಮೊದಲ ಬರತಿರಲಿಲ್ಲ" ಅಂದರು. ಸಿಪ್ಪೆ ಎತ್ತಿಕೊಂಡು ಅಡುಗೆಮನೆಗೆ ಬಂದುಬಿಟ್ಟೆ.

ರವಿವಾರ ಬಂತು. ಡಿಕ್ಕಿಯಲ್ಲಿ ಕ್ಯಾನುಗಳ ಬಾಜು ಅಡುಗೆಮನೆಯ ಸ್ಟೂಲ್. ನಮ್ಮ ಕಾರಿನ ಹಿಂದೆ ಮಿಸ್ತ್ರಿಯ ಮೋಟರ್‌ಸೈಕಲ್. ಖಾನಾಪುರದ ಹಂಚಿನ ಭಟ್ಟಿಗಳು ಹಿಂದೆ ಸರಿದು, ನಾವು ಎಡಕ್ಕೆ ತಿರುಗಿದ ಮೇಲೂ ಅದು ಬೆನ್ನ ಹಿಂದೆಯೇ ಇತ್ತು. ಅತ್ತೆ ಕನ್ನಡಿಯಲ್ಲಿ ನೋಡಿ ಕೇಳಿದರು, "ಮಿಸ್ತ್ರಿ ಯಾಕ ಬರಾಕತ್ತಾನ?"

"ಸಣ್ಣ ಕೆಲಸ ಐತಿ ಅವ್ವಾ" ಅಂದರು ನಮ್ಮವರು, ರಸ್ತೆಯಿಂದ ಕಣ್ಣು ತೆಗೆಯದೆ. ನಾನು ಹಿಂದಿನ ಸೀಟಿನಲ್ಲಿ ಮೊಸರಿನ ಡಬ್ಬಿಯ ಮುಚ್ಚಳ ಗಟ್ಟಿ ಇದೆಯೇ ಎಂದು ನೋಡಿದೆ. ಗಟ್ಟಿಯೇ ಇತ್ತು.

ಶೆಡ್ಡಿನಲ್ಲಿ ಮಿಸ್ತ್ರಿ ಗೋಣಿಚೀಲ ಹಾಸಿ ನಟ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಜೋಡಿಸಿ, ಬದಲಿಸಲು ತಂದ ಹೊಸ ಆಯಿಲಿನ ಡಬ್ಬಿಯನ್ನು ಬಾಜು ಇಟ್ಟರು. ಅತ್ತೆ ಸ್ಟೂಲನ್ನು ಗಾಡಿಯ ಬಾಜು ಇಡಿಸಿಕೊಂಡು, ತಂಬಿಗೆ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಮಿಸ್ತ್ರಿ ಕಾಕಿನ ನಟ್ಟಿಗೆ ಪಾನಾ ಹಚ್ಚಿದಾಗ, "ಏ, ಅದನ್ಯಾಕ ಮುಟ್ಟತಿ?" ಅಂದರು.

ನಮ್ಮವರು ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ಉತ್ತರ ಸಿಕ್ಕಿರಬೇಕು. ತಾಯಿಯ ಎದುರು ಕುಕ್ಕರುಗಾಲಲ್ಲಿ ಕೂತು ತಾವೇ ಹೇಳಿದರು. ಸೀಮೆಎಣ್ಣೆ ಸಿಗುವುದಿಲ್ಲ, ಇಂಜಿನ್ನಿಗೆ ಆಗಿಬರುತ್ತಿಲ್ಲ, ಆಯಿಲು ಏರುತ್ತಿದೆ, ಹೀಗೇ ಬಿಟ್ಟರೆ ಒಳಗಿನದೆಲ್ಲ ಸವೆದುಹೋಗುತ್ತದೆ, ಇನ್ನು ಮೇಲೆ ಬರೀ ಪೆಟ್ರೋಲು. ಚೆನ್ನಾಗಿಯೇ ಹೇಳಿದರು. ಒಂದು ಮಾತೂ ತಪ್ಪಿರಲಿಲ್ಲ.

ಅತ್ತೆ ಪೂರಾ ಕೇಳಿಸಿಕೊಂಡರು. ಬೈಯಲಿಲ್ಲ. ಮಿಸ್ತ್ರಿಯ ಕಡೆ ತಿರುಗಿ ಕೇಳಿದರು. "ಪೆಟ್ರೋಲ್ ಮ್ಯಾಲ ಓಡಸಾಕ ಎಷ್ಟ ಮಂದಿ ಬೇಕು?"

"ಒಬ್ಬರ ಸಾಕ್ರಿ ಅಮ್ಮಾ. ನೀವು ಆರಾಮ ಮನ್ಯಾಗ ಇರ್ರಿ" ಅಂದರು ಮಿಸ್ತ್ರಿ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

ಅತ್ತೆ ತಂಬಿಗೆಯ ನೀರನ್ನು ಪಕ್ಕದ ಬೇವಿನ ಬುಡಕ್ಕೆ ಸುರಿದರು. ಸ್ಟೂಲಿನ ಅಂಚು ಹಿಡಿದು ಎದ್ದು, ಮೊಣಕಾಲಿನ ಮೇಲೆ ಕೈ ಊರುತ್ತ, ಊರುತ್ತ ಕಾರಿನವರೆಗೆ ನಡೆದರು. ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ಬಿಸಿಲಿನಲ್ಲಿ ನಿಂತ ಕಾರು, ಗಾಜು ಏರಿಸಿದ್ದೇ ಇತ್ತು.

"ಸಿಟ್ಟ ಇಳದ ಮ್ಯಾಲ ಬರತಾಳ" ಅಂದರು ನಮ್ಮವರು. ಆದರೆ ಅದು ಸಿಟ್ಟಲ್ಲ ಎಂದು ಅವರಿಗೂ ಗೊತ್ತಿತ್ತು. ಸಿಟ್ಟಿದ್ದರೆ ಅತ್ತೆ ನಮ್ಮಿಬ್ಬರನ್ನೂ, ಮಿಸ್ತ್ರಿಯನ್ನೂ ಸೇರಿಸಿ ಬೈದು, ನೀರು ಕುಡಿದು, ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದರು.

ನಾನು ಹೋಗಿ ಕಾರಿನ ಇನ್ನೊಂದು ಬಾಗಿಲು ತೆಗೆದು, ಸ್ಟಿಯರಿಂಗಿನ ಹಿಂದೆ ಕೂತೆ. ಒಳಗೆ ಒಲೆಯ ಮುಂದೆ ಕೂತ ಹಾಗಿತ್ತು. ಗಾಜು ಇಳಿಸಿದೆ. ಗಾಳಿ ಬಡಿಯುತ್ತದೆ ಎಂದು ಅತ್ತೆ ಅನ್ನಲಿಲ್ಲ. ಖಾಲಿ ತಂಬಿಗೆಯ ಕಂಠದ ಸುತ್ತ ಹೆಬ್ಬೆರಳು ಆಡಿಸುತ್ತಿದ್ದರು. ಆ ಬೆರಳಿನ ಉಗುರಿನ ಬುಡದಲ್ಲಿ ಹಳೆಯ ಸುಟ್ಟ ಗಾಯದ ಬಿಳಿ ಗೆರೆ ಇದೆ. ಒಲೆಯದ್ದಿರಬೇಕೆಂದು ನಾನು ತಿಳಿದಿದ್ದೆ.

"ನಿನಗ ಮೊದಲ ಗೊತ್ತಿತ್ತು?" ಕೇಳಿದರು.

"ಹೂಂನ್ರಿ. ಹೇಳಬೇಕಂತ ಬಂದಿದ್ದೆ."

"ಎಣ್ಣಿ ಹಚ್ಚೂಮುಂದ."

"ಹೂಂ."

ಅತ್ತೆ ತಂಬಿಗೆಯನ್ನು ತೊಡೆಯ ಮೇಲೆ ಬೋರಲು ಹಾಕಿದರು. ಆಮೇಲೆ, ನನಗೆ ಹೇಳುತ್ತಿದ್ದಾರೋ ಮುಂದಿನ ಗಾಜಿಗೆ ಹೇಳುತ್ತಿದ್ದಾರೋ ತಿಳಿಯದ ಹಾಗೆ ಅಂದರು. "ನಿಮ್ಮ ಮಾವ ಮನ್ಯಾಗ ನನ್ನ ಕೂಡ ಮಾತಾಡಿದ್ದ ಕಡಿಮಿ. ಅತ್ತಿ, ಮಾವ, ನೆಗೆಣ್ಣಿ, ಮೈದುನ, ಮನಿ ತುಂಬ ಮಂದಿ. ಅವರ ಎದುರ ಗಂಡಾ ಹೇಣ್ತಿ ಮಾತಾಡೂದು ಅಂದ್ರ ನಾಚಿಗಿ ಆವಾಗ. ನೀರ ಬೇಕಾದ್ರೂ ಅವ್ವಾ ಅಂತ ಅತ್ತೀನ್ನ ಕರೀತಿದ್ರು. ಇಲ್ಲಿ ಬಂದ್ರ, ಗಾಡಿ ಸಪ್ಪಳದಾಗ ಯಾರಿಗೂ ಏನೂ ಕೇಳತಿರಲಿಲ್ಲ. ನಾ ನೀರ ಸಿಡಸೂದು, ಅವ್ರು ಬಗ್ಗಿ ಕೇಳೂದು, ಆತೇನ? ಇನ್ನೂ ಇಲ್ಲ. ಆತೇನ? ಈಗ ಆತು. ದಿನಕ್ಕ ಎರಡ ಸಲ. ಮುಂಜಾನೆ ಚಾಲೂ ಮಾಡೂಮುಂದ ಒಂದ ಸಲ, ಸಂಜಿಕ್ಕ ನಿಲ್ಲಿಸೂಮುಂದ ಒಂದ ಸಲ."

ಹೆಬ್ಬೆರಳಿನ ಆ ಬಿಳಿ ಗೆರೆ ಒಲೆಯದ್ದಲ್ಲ, ಈ ಕೊಳವೆಯದ್ದು ಎಂದು ಆಗ ತಿಳಿಯಿತು.

"ಇವಂಗ ತಿಳೀದು" ಅಂದರು, ಶೆಡ್ಡಿನ ಕಡೆ ಗದ್ದ ತೋರಿಸಿ. "ಗಂಡಸ ಮಕ್ಕಳಿಗೆ ಇಂಜಿನ್ ಅಷ್ಟ ತಿಳೀತೈತಿ."

ಆಮೇಲೆ ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿದರು. ಟಿವಿಯ ಮುಂದೆ ತೂಕಡಿಸುವಾಗ ಮುಖ ಹೇಗಿರುತ್ತದೋ ಹಾಗೇ ಆಗಿತ್ತು.

ಒಳ್ಳೆಯತನದಿಂದ ಎದ್ದು ಹೋದೆನೆಂದು ಯಾರೂ ತಿಳಿಯಬಾರದು. ಆ ಮುಖ ನೋಡುತ್ತ ನಾನು ಎಣಿಸಿದ್ದು ಮುಂದಿನ ರವಿವಾರಗಳನ್ನು. ನಮ್ಮವರು ಒಬ್ಬರೇ ಹೊಲಕ್ಕೆ ಹೋಗಿರುತ್ತಾರೆ. ನಾನು ಹಾಸಿಗೆಯಲ್ಲಿ ಬಿದ್ದಿರುತ್ತೇನೆ. ಬಾಲ್ಕನಿಯಲ್ಲಿ ಅತ್ತೆ. ಹೊಸ ಸೀರೆ ಉಟ್ಟು ಗೆಳತಿಯರ ಮನೆಗೆ ಹೊರಟವಳನ್ನು, "ಇವತ್ತ ಯಾವ ವಾರ?" ಎಂದು ಕೇಳುತ್ತಾರೆ. ರವಿವಾರ ಎಂದು ಹೇಳಿ ಚಪ್ಪಲಿ ಮೆಟ್ಟುವುದು ನನ್ನಿಂದಾಗದು. ಅದಕ್ಕಿಂತ ಬುತ್ತಿ ಕಟ್ಟುವುದು ಹಗುರ.

ಶೆಡ್ಡಿಗೆ ಬಂದಾಗ ಮಿಸ್ತ್ರಿ ಒಂದು ನಟ್ಟು ಸಡಿಲಿಸಿ ಎರಡನೆಯದಕ್ಕೆ ಪಾನಾ ಹಾಕಿದ್ದರು.

"ಬಿಗದು ಬಿಡ್ರಿ. ತಗೀಬ್ಯಾಡ್ರಿ" ಅಂದೆ.

ನಮ್ಮವರು ತಿರುಗಿದರು. "ಏನಾತು? ಅಳಾಕತ್ತಾಳೇನು?"

"ಇಲ್ಲ. ನಿದ್ದಿ ಮಾಡಾಕತ್ತಾರ."

"ಮತ್ತ?"

"ಅದಕ್ಕರೀ."

ಅವರಿಗೆ ಸಿಟ್ಟು ಬಂತು. ಅವರ ಸಿಟ್ಟು ದೊಡ್ಡ ದನಿಯದಲ್ಲ, ಲೆಕ್ಕ ಒಪ್ಪಿಸುವ ದನಿಯದು. "ನೋಡು, ಇದು ಹಠದ ಮಾತಲ್ಲ. ಹಿಂಗ ಚಿಮಣಿ ಎಣ್ಣಿ ಮ್ಯಾಲ ನಡಿಸಿದ್ರ ಇಂಜಿನ್ ಹೋಗತೈತಿ. ಹೋದ ಮ್ಯಾಲ ಸಾಮಾನು ಸಿಗೂದಿಲ್ಲ. ಆವಾಗ ಅವ್ವಗೂ ಇಲ್ಲ, ನನಗೂ ಇಲ್ಲ."

ಅವರು ಹೇಳಿದ್ದು ಸರಿ. ಅವರಿಗೂ ಅದು ತಂದೆಯ ಗಾಡಿ. ನಾನು ಮಿಸ್ತ್ರಿಯನ್ನು ಕೇಳಿದೆ, "ಚಿಮಣಿ ಎಣ್ಣಿ ಮ್ಯಾಲನ ನಡಿಸಬೇಕಂದ್ರ ಬ್ಯಾರೇ ಏನೂ ದಾರಿ ಇಲ್ಲೇನ್ರಿ?"

ಮಿಸ್ತ್ರಿ ಅಡಿಕೆಯನ್ನು ಈ ದವಡೆಯಿಂದ ಆ ದವಡೆಗೆ ಸರಿಸಿದರು. "ದಾರಿ ಐತ್ರಿ. ಕೊಳವಿ ಪೂರಾ ಕಾದ ಮ್ಯಾಲನ ತಿರುವಬೇಕು. ಮುಂದ ರೇಡಿಯೇಟರಿಗೆ ಗೋಣಿ ಕಟ್ಟಿ ಮೈ ಬೆಚ್ಚಗ ಇಡಬೇಕು. ಪ್ರತಿ ಸಲ ಓಡಿಸಿದ ಮ್ಯಾಲ, ಬಿಸಿ ಇರೂಮುಂದನ, ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಎಲ್ಲಾ ಇಳಿಸಿ ಹೊಸಾದು ಹಾಕಬೇಕು. ಆವಾಗ ಇಂಜಿನ್ನಿಗೆ ಧೋಕಾ ಇಲ್ಲ. ಆದ್ರ ವಾರಾವಾರ ಅದನ್ನ ಯಾರ ಮಾಡ್ತಾರ್ರಿ?"

ನಮ್ಮವರ ಬೆನ್ನಿನ ಮಣಿ ಸರಿದು ಎರಡು ವರ್ಷವಾಗಿದೆ. ಹ್ಯಾಂಡಲ್ ಹೊಡೆಯುವುದೇ ವೈದ್ಯರಿಗೆ ಗೊತ್ತಾಗದ ಹಾಗೆ ನಡೆದಿದೆ. ಗಾಡಿಯ ಕೆಳಗೆ ನುಸುಳುವುದು ಆಗದ ಮಾತು. ಅವರು ಪಾನಾಗಳ ಸಾಲನ್ನು ನೋಡುತ್ತಿದ್ದರು.

"ನಾ ಮಾಡತೀನಿ" ಅಂದೆ.

ಮಿಸ್ತ್ರಿ ನನ್ನ ಸೀರೆ ನೋಡಿದರು. "ಭಾಭಿ, ಕೈ ಕರ್ರಗ ಆಗ್ತಾವ್ರಿ."

"ವಾಸನಿ ಹೆಂಗೂ ಬಿಟ್ಟಿಲ್ರಿ. ಬಣ್ಣಾನೂ ಹತ್ತಲಿ."

ನಮ್ಮವರು ನಗಲಿಲ್ಲ. ಆದರೆ ಸಡಿಲಾದ ನಟ್ಟನ್ನು ತಾವೇ ಬಿಗಿಯಾಗಿ ತಿರುಗಿಸಿದರು. ಬಿಗಿದ ಮೇಲೆ ಅದರ ಮೇಲೆ ಒಂದು ಕ್ಷಣ ಕೈ ಇಟ್ಟರು, ಕಾದಿದೆಯೋ ಎಂದು ನೋಡುವವರಂತೆ. ಗಾಡಿ ಇನ್ನೂ ತಣ್ಣಗಿತ್ತು.

ಅತ್ತೆಯನ್ನು ಎಬ್ಬಿಸಿದ್ದು ನಾನೇ. "ನೀರ ತುಂಬಿಸ್ಕೊಂಡ ಬರ್ರಿ ಅತ್ತಿ, ಗಾಡಿ ಎಬ್ಬಸಾಕತ್ತಾರ" ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ತಂಬಗಿ ಹಿಡಿ, ಇಳೀತೇನಿ" ಅಂದರು.

ಆ ದಿನ ಪಟ್ಟಿಯಲ್ಲಿ ಕುಂಟೆ ಮಿಸ್ತ್ರಿ ಹೇಳಿದ ನಾಯಿಯ ವಾಕಿಂಗಿನಂತೆ ಹೋಗದೆ ಆಳವಾಗಿ ಹೋಯಿತು. ಮಿಸ್ತ್ರಿ ಮುಂದೆ ಗೋಣಿ ಕಟ್ಟಿದ್ದರಿಂದಲೋ, ನಮ್ಮವರು ಸಿಟ್ಟಿನಲ್ಲಿ ಕುಂಟೆಯ ಮೇಲೆ ಎರಡು ಕಲ್ಲು ಹೇರಿದ್ದರಿಂದಲೋ ಗೊತ್ತಿಲ್ಲ. ಸಂಜೆ ಅತ್ತೆಯ ಊಟಕ್ಕೆ ಹೊತ್ತಿರುವಾಗಲೇ ಕಾಕ್ ಮತ್ತೆ ಪೆಟ್ರೋಲಿಗೆ ತಿರುಗಿತು, ಗಾಡಿ ನಿಂತಿತು. ಮಿಸ್ತ್ರಿ ಬೋಲ್ಟ್ ಎಲ್ಲಿದೆ, ಯಾವ ಕಡೆ ತಿರುಗಿಸಬೇಕು ಎಂದು ಬಗ್ಗಿ ತೋರಿಸಿ, ಪಾನಾ ನನ್ನ ಕೈಗೆ ಕೊಟ್ಟರು. ಸೆರಗನ್ನು ಸೊಂಟಕ್ಕೆ ಬಿಗಿದು ಗೋಣಿಯ ಮೇಲೆ ಅಂಗಾತ ಮಲಗಿ ಒಳಗೆ ಸರಿದೆ. ತಲೆಗೂದಲಿಗೆ ಮಣ್ಣು ತಾಗಿತು. ಮೇಲೆ ಕಬ್ಬಿಣದ ಕಪ್ಪು ಹೊಟ್ಟೆ ಇನ್ನೂ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಆರುತ್ತಿತ್ತು. ಬೋಲ್ಟ್ ಮೊದಲು ಒಲ್ಲೆ ಎಂದಿತು, ಆಮೇಲೆ ಒಮ್ಮೆಲೇ ಬಿಟ್ಟಿತು. ಬಿಸಿ ಆಯಿಲು ಮೊಣಕೈವರೆಗೆ ಇಳಿದು ಕೆಳಗಿಟ್ಟ ತಗಡಿನ ಬುಟ್ಟಿಗೆ ಬಿತ್ತು. ಚಹಾದಷ್ಟು ತೆಳ್ಳಗಿತ್ತು.

ಪಕ್ಕದಲ್ಲಿ ಅತ್ತೆಯ ಪಾದಗಳು ಬಂದು ನಿಂತವು. ಒಂದು ಕಾಲಕ್ಕೆ ಕಾಲುಂಗುರವಿದ್ದ ಕಡೆ ಬೆರಳು ಇನ್ನೂ ತಗ್ಗಾಗಿದೆ. ಬಗ್ಗಲು ಆಗದೆ ಅವರು ಮೇಲಿನಿಂದಲೇ ಅಂದರು.

"ಬುಟ್ಟಿ ಈ ಬಾಜು ಸರಸು. ಅರ್ಧಾ ಮಣ್ಣಿಗೆ ಹೊಂಟೈತಿ. ನೋಡೂದಿಲ್ಲೇನ?"

"ಕಾಣಸೂದಿಲ್ರಿ ಇಲ್ಲಿಂದ."

"ನಾ ಹೇಳತೇನಿ. ಸರಸು. ಇನ್ನೊಂಚೂರು. ಹೂಂ, ಆತು."

ಸರಿಸಿದೆ. ಬೋಲ್ಟ್ ಕೈಯಲ್ಲೇ ಹಿಡಿದು ಹಾಗೆಯೇ ಮಲಗಿದೆ. ಎಣ್ಣೆ ಇನ್ನೂ ಇಳಿಯುತ್ತಲೇ ಇತ್ತು.